ಅಚ್ಚುಕೋಣೆಯ ಕಳವು

ಮಾರ್ಚ್ ಕೊನೆಯ ಸೋಮವಾರ ಬೆಳಿಗ್ಗೆ, ಸಮುದ್ರದ ಮಂಜು ಇನ್ನೂ ಬೀದಿಗಳನ್ನು ಬಿಟ್ಟು ಕದಲಿರಲಿಲ್ಲ. ವೇಹಾಯ್ ನಗರದ ಬಂದರು ಠಾಣೆಗೆ ಗಾಳದ ಕೋಲಿನ ಕಾರ್ಖಾನೆಯ ಮಾಲೀಕ ಜ್ಯೂ ಫೂಶಂಗ್ ದೂರು ಕೊಡಲು ಬಂದ. ಅವನ ಅಚ್ಚುಕೋಣೆಯಿಂದ ನಾಲ್ಕು ಉಕ್ಕಿನ ಅಚ್ಚುಗಳು ಕಳವಾಗಿದ್ದವು.

"ನಾಲ್ಕು ಕಬ್ಬಿಣದ ಕಡ್ಡೀನಾ?" ಕಾನ್‌ಸ್ಟೇಬಲ್ ಬೀ ಪೆನ್ನು ಎತ್ತಿ ಹಿಡಿದಳು. "ಗುಜರಿ ಅಂಗಡೀಲಿ ವಿಚಾರಿಸಿದ್ರಾ?"

"ಕಡ್ಡಿ ಅನ್ಬೇಡಮ್ಮ. ಅದರ ಮೇಲೆ ಕಾರ್ಬನ್ ಬಟ್ಟೆ ಸುತ್ತಿ, ಬೇಯಿಸಿ, ಅಚ್ಚು ಹೊರಗೆಳೆದ್ರೆ ಕೋಲು. ಅಚ್ಚಿಲ್ಲ ಅಂದ್ರೆ ಕೋಲೂ ಇಲ್ಲ. ಮಾಲು ಹೋಗ್ಲಿಲ್ಲ ಅಂದ್ರೆ ಅಮೆರಿಕದ ಕಂಪನಿ ನನ್ನ ಕೈ ಬಿಡುತ್ತೆ. ನನ್ನ ಹತ್ರ ಕೆಲಸ ಮಾಡೋ ಅರ್ಧ ಹೆಂಗಸರು ಮನೇಲಿ ಕೂರ್ತಾರೆ."

ಇನ್‌ಸ್ಪೆಕ್ಟರ್ ಲಿಯಾಂಗ್ ದೆಹೌ ತಾನೇ ಎಫ್‌ಐಆರ್ ದಾಖಲಿಸಿಕೊಂಡ. ಕೋಲಿನ ಕೆಲಸಕ್ಕೆ ಹೋಗದವರ ಮನೆಯನ್ನು ಆ ಊರಿನಲ್ಲಿ ಹುಡುಕಬೇಕಿತ್ತು. ಅವನ ಹೆಂಡತಿಯ ಬೆರಳುಗಳ ಚರ್ಮ ಇಂಥದೇ ಒಂದು ಕಾರ್ಖಾನೆಯ ಅಂಟಿಗೆ ಹೋಗಿತ್ತು.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಗೋಡೆಯುದ್ದಕ್ಕೂ ನೂರಾರು ಅಚ್ಚುಗಳು ನೆಟ್ಟಗೆ ನಿಂತಿದ್ದವು. ಖಾಲಿಯಾಗಿದ್ದದ್ದು ಒಂದೇ ಮಾದರಿಯ ಜಾಗ. ಅದು ಗಾಳಕ್ಕೆ ಆಮಿಷವಾಗಿ ಹುಸಿನೊಣ ಕಟ್ಟಿ, ಹೊಳೆಯಲ್ಲಿ ಸೊಂಟದವರೆಗೆ ಇಳಿದು ಮೀನು ಹಿಡಿಯುವವರ ದುಬಾರಿ ಕೋಲಿನ ಅಚ್ಚು. ಆ ಕೋಲು ಇಲ್ಲಿ ಹುಟ್ಟಿ, ಅಮೆರಿಕದ ಹೆಸರು ಹೊತ್ತು ಹಡಗು ಹತ್ತುತ್ತಿತ್ತು.

ಜ್ಯೂ ಪಕ್ಕದ ಬೀದಿಯ ಕಾರ್ಖಾನೆಯವನ ಮೇಲೆ ಸಂಶಯ ಹೇಳಿದ್ದ. ಲಿಯಾಂಗ್ ಅಲ್ಲಿಗೂ ಹೋದ. ಆ ಮಾಲೀಕ ನಕ್ಕುಬಿಟ್ಟ.

"ಅದನ್ನ ಕದ್ದು ಏನ್ ಮಾಡ್ಲಿ ಸಾಹೇಬ್ರೆ? ದುಡ್ಡು ಕೊಡೋದು ಮೇಲಿರೋ ಹೆಸರಿಗೆ. ಹೆಸರಿಲ್ಲದ ಕೋಲು ಬಟ್ಟೆ ಒಣಗಿಸೋಕೆ ಸರಿ."

ಹಾಗಾದರೆ ಕಳ್ಳನಿಗೆ ಲಾಭ ಬೇಕಿರಲಿಲ್ಲ. ಆ ಮಾತು ಲಿಯಾಂಗ್‌ನ ತಲೆಯಲ್ಲಿ ಉಳಿಯಿತು.

ಕಾವಲುಗಾರ ಮುದುಕ ಶಿಂಗ್‌ನನ್ನು ಜ್ಯೂ ಅಷ್ಟರಲ್ಲಿ ಕೆಲಸದಿಂದ ಕಿತ್ತುಹಾಕಿದ್ದ. ಠಾಣೆಯ ಬೆಂಚಿನ ಮೇಲೆ ಅವನು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಯಾರನ್ನ ನೋಡ್ದೆ?" ಲಿಯಾಂಗ್ ಕೇಳಿದ.

"ಯಾರನ್ನೂ ಇಲ್ಲ."

"ಸುಳ್ಳು ಹೇಳಿದ್ರೆ ನೀನೂ ಒಳಗೆ ಹೋಗ್ತೀಯ ತಾತ."

"ಒಳಗಾದ್ರೆ ಊಟ ಹಾಕ್ತೀರಲ್ಲ."

ಲಿಯಾಂಗ್ ಪಕ್ಕದಲ್ಲೇ ನಿಂತಿದ್ದ ಜ್ಯೂನತ್ತ ತಿರುಗಿದ. "ಆ ಕೋಣೆ ಬೀಗದ ಕೈ ಎಷ್ಟಿವೆ?"

"ನನ್ನ ಹತ್ರ ಒಂದು." ಜ್ಯೂ ತಡವರಿಸಿದ. "ಇನ್ನೊಂದು ನಮ್ಮ ತ್ಸೊಂಗ್ ಹತ್ರ ಇತ್ತು. ಆ ಕೋಲಿನ ಬಾಗು ಲೆಕ್ಕ ಹಾಕಿ ಅಚ್ಚು ಕಡೆದೋನು. ಚಳಿಗಾಲದಲ್ಲಿ ತೀರ್ಕೊಂಡ."

"ಬೀಗದ ಕೈ ವಾಪಸ್ ಬಂತಾ?"

"ಸತ್ತವರ ಮನೆಗೆ ಹೋಗಿ ಹೆಂಗೆ ಕೇಳೋದು?"

ಮರುದಿನ ಬೀ, ಕೋಲಿಗೆ ಬಣ್ಣ ಬಳಿದು ಹೆಸರು ಅಂಟಿಸುವ ವಿಭಾಗದ ಹೆಂಗಸರೊಂದಿಗೆ ಊಟಕ್ಕೆ ಕೂತು ಬಂದಳು. ಹಿಂದಿನ ವಾರ ಜ್ಯೂ ಹೆಮ್ಮೆಯಿಂದ ಊಟದ ಮನೆಯಲ್ಲಿ ಅಮೆರಿಕದ ಕಂಪನಿಯ ಜಾಹೀರಾತು ತೋರಿಸಿದ್ದನಂತೆ. ಬಿಳಿ ಗಡ್ಡದ ಮುದುಕನೊಬ್ಬ ಹೊಳೆಯ ದಡದಲ್ಲಿ ನಿಂತು, ವರ್ಷಗಟ್ಟಲೆ ತಪಸ್ಸು ಮಾಡಿ ತಾನೇ ಈ ಕೋಲಿನ ಬಾಗು ಕಂಡುಹಿಡಿದೆ ಅಂದನಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಳು ಮಾತ್ರ ಅರ್ಧ ಊಟ ಬಿಟ್ಟು ಎದ್ದುಹೋದಳು.

"ಯಾರು?"

"ಮೌ ರೂಯಿಲಾನ್. ತ್ಸೊಂಗ್ ಹೆಂಡತಿ ಸರ್."

ಅವರು ಮನೆಗೆ ಹೋದಾಗ ರೂಯಿಲಾನ್, ಸತ್ತವರ ಸಮಾಧಿಗೆ ಎಡೆ ಇಡುವ ಹಬ್ಬಕ್ಕೆಂದು ಹಿಟ್ಟಿನಲ್ಲಿ ಪುಟ್ಟ ಪುಟ್ಟ ಗುಬ್ಬಿಗಳನ್ನು ಮಾಡಿ, ಕಣ್ಣಿಗೆ ಕರಿ ಅವರೆ ಒತ್ತುತ್ತಿದ್ದಳು. ಲಿಯಾಂಗ್ ಸಮವಸ್ತ್ರದಲ್ಲಿದ್ದ. ಅವಳು ಕೈ ಒರೆಸಿಕೊಂಡಳು.

"ಶಿಂಗ್ ತಾತನ್ನ ಬಿಟ್ಬಿಡಿ. ಅವರು ನೋಡಿದ್ರು. ಹಾಸಿಗೆ ಸುತ್ಕೊಂಡು ಹೋಗ್ತಿದ್ದೀನಿ ಅಂದೆ. ಹೋಗಮ್ಮ ಅಂದ್ರು."

"ಅಚ್ಚು ಎಲ್ಲಿ ಅಕ್ಕ?"

"ನನ್ನ ಗಂಡನ ಹತ್ರ."

"ಕಂಪನಿ ಹೆಸರು ಹಾಕಿದ್ದಕ್ಕೆ ಕದ್ರಾ?"

"ಹೆಸರು ನಾನೇ ದಿನಾ ಅಂಟಿಸ್ತಿದ್ದೆ ಸಾಹೇಬ್ರೆ. ನಂಗೇನೂ ಅನ್ನಿಸ್ತಿರ್ಲಿಲ್ಲ. ಅದು ಈ ಊರಿನ ಕಸುಬು. ಆದ್ರೆ ಇನ್ನೊಬ್ಬನ್ನ ತಂದು ನಿಲ್ಲಿಸಿಬಿಟ್ರಲ್ಲ. ನನ್ನ ಗಂಡ ಹೊಳೆ ದಡದಲ್ಲಿ ನಿಲ್ಲಲಿಲ್ಲ. ಲೇತ್ ಮುಂದೆ ನಿಂತ. ಉಕ್ಕಿನ ಧೂಳು ಕೆಮ್ಮಿ ಕೆಮ್ಮಿ ಸತ್ತ." ಅವಳು ಒಲೆಯ ಕಡೆ ನೋಡಿದಳು. "ಇದೊಂದು ಬೇಯಲಿ, ಬರ್ತೀನಿ."

ಹಬೆ ನಿಲ್ಲುವವರೆಗೂ ಇಬ್ಬರು ಪೊಲೀಸರು ಬಾಗಿಲಲ್ಲಿ ಕಾದರು.

ಊರ ಹಿಂದಿನ ಗುಡ್ಡದಲ್ಲಿ, ಪಂಚರ ಸಮಕ್ಷಮದಲ್ಲಿ, ತ್ಸೊಂಗ್‌ನ ಸಮಾಧಿಯ ಪಕ್ಕದ ಮಣ್ಣು ಅಗೆಸಲಾಯಿತು. ಹಾಸಿಗೆ ಬಟ್ಟೆಯಲ್ಲಿ ನಾಲ್ಕು ಅಚ್ಚುಗಳಿದ್ದವು. ಮಂಜಿನ ಉಪ್ಪುನೀರು ಇಳಿದು ಕೆಲವೇ ದಿನಗಳಲ್ಲಿ ಮೈತುಂಬ ತುಕ್ಕು ಹಿಡಿದಿತ್ತು. ಜ್ಯೂ ಒಂದನ್ನು ಬೆರಳಿನಿಂದ ಸವರಿ ಕೆಳಗಿಟ್ಟ. ತುಕ್ಕು ಉಜ್ಜಿದರೆ ಅಳತೆ ಕೆಡುತ್ತದೆ; ಇನ್ನು ಅದರ ಮೇಲೆ ಯಾವ ಕೋಲೂ ಸುತ್ತಲಾಗದು. ಜಪ್ತಿ ಪಂಚನಾಮೆಗೆ ಸಹಿ ಹಾಕಿಸಿ ರೂಯಿಲಾನ್‌ಳನ್ನು ಬಂಧಿಸಲಾಯಿತು.

ಹೆಸರು ಅಂಟಿಸುವ ವಿಭಾಗ ಮುಚ್ಚಿತು. ಶಿಂಗ್‌ನನ್ನು ಜ್ಯೂ ವಾಪಸ್ ಕರೆಯಲಿಲ್ಲ. ಆರೋಪಪಟ್ಟಿ ಸಲ್ಲಿಸುವ ಮುಂಚೆ ಕೊನೆಯ ಹೇಳಿಕೆಗೆಂದು ಬಂದೀಖಾನೆಗೆ ಹೋದ ಲಿಯಾಂಗ್ ಅವಳಿಂದ ಏನನ್ನೂ ಮುಚ್ಚಿಡಲಿಲ್ಲ.

"ಅಮೆರಿಕದವರು ಆ ಕೋಲಿನ ಕೆಲಸಾನ ದಕ್ಷಿಣದ ಬೇರೆ ಕಾರ್ಖಾನೆಗೆ ಕೊಟ್ಟಿದ್ದಾರೆ ಅಕ್ಕ. ಮಾರಿ ಉಳಿದ ಕೋಲನ್ನೇ ಅಳೆದು ಹೊಸ ಅಚ್ಚು ಕಡೆಸಿದಾರೆ."

"ಅದೇ ಬಾಗು?"

"ಅದೇ ಅಂತೆ."

"ಆ ಮುದುಕ?"

"ಜಾಹೀರಾತಲ್ಲಿ ಈಗ್ಲೂ ಇದ್ದಾನೆ."

ಅವಳು ಬಹಳ ಹೊತ್ತು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸವರುತ್ತಿದ್ದಳು, ಗುಳ್ಳೆ ಏಳದ ಹಾಗೆ ಏನನ್ನೋ ಅಂಟಿಸುವಂತೆ.

"ಅಲ್ಲಿ ಹೆಸರು ಅಂಟಿಸೋಳು ಯಾರೋ, ಪಾಪ," ಅಂದಳು.