ಪಿಕಪ್ಪಿನ ಮೂಗು

ಬೇಸಿಗೆ ಶುರುವಾಗಿತ್ತು. ಸೋಮವಾರ, ಬೆಳಗಿನ ಎಳೆಬಿಸಿಲು. ಕಲ್ಲುಗಣಿಯ ಏರಿನಲ್ಲಿ ನಮ್ಮ ಹಳೇ ಪಿಕಪ್ಪು ಉಸಿರು ಕಟ್ಟಿದ ಹಾಗೆ ನಿಂತಿತು. ಮರುಕ್ಷಣ ಹಿಂದಕ್ಕೆ ಜಾರಿತು. ಹಿಂದೆ ನಡೆದು ಬರುತ್ತಿದ್ದ ಹಮಾಲಿ ಗೋಡೆಗೂ ಗಾಡಿಗೂ ನಡುವೆ ಸಿಕ್ಕಿಕೊಂಡ. ಅವನ ಕಾಲು ಮುರಿಯಿತು.

ಓಡಿಸುತ್ತಿದ್ದವಳು ನನ್ನ ಸೊಸೆ. ಮಗ ತೀರಿಕೊಂಡ ಮೇಲೆ ಗಣಿಗೆ ನೀರಿನ ಕ್ಯಾನು ಸಾಗಿಸಿ ಮನೆ ನಡೆಸುತ್ತಿದ್ದವಳು. ಲೈಸೆನ್ಸು ಹೋಗುತ್ತೆ, ಜೈಲೂ ಆಗಬಹುದು ಅಂದರು ಜನ.

ಪೊಲೀಸ್ ಮೇಡಂ ಬಂದು ಜನರನ್ನು ದೂರ ಕಳಿಸಿದರು. ಮೆಕ್ಯಾನಿಕ್ ಬಾನೆಟ್ ಎತ್ತಿದ.

"ಗಾಳಿ ಎಳೆಯೋ ಬಾಯಿ ಮೊದಲು ಚಕ್ರದ ಹತ್ತಿರ ಇತ್ತು ಮೇಡಂ. ರಸ್ತೆ ಧೂಳೆಲ್ಲ ಎಂಜಿನ್ ಪಾಲು. ಅದಕ್ಕೇ ಈಯಮ್ಮ ಪೈಪ್ ಹಾಕಿ ಟಾಪಿನವರೆಗೂ ಎತ್ತಿದಾಳೆ. ಒಳ್ಳೇ ಕೆಲಸ. ಆದರೆ ನೋಡಿ ಇಲ್ಲಿ."

ಪೈಪಿನ ತಿರುವಿನೊಳಗಿಂದ ಬಟ್ಟೆಯ ಉಂಡೆಯೊಂದನ್ನು ಎಳೆದ.

"ಮೇಲಿಂದ ಬಿತ್ತೇನ್ರಿ?"

"ಮೇಲೆ ಜಾಲರಿ ಬಿಗಿದಿದೆ. ಕೆಳಗಿನ ಕ್ಲ್ಯಾಂಪ್ ಸಡಿಲಿಸಿ ತುರುಕಿದಾರೆ. ಸಮತಟ್ಟಲ್ಲಿ ಹೇಗೋ ಓಡುತ್ತೆ. ಏರಲ್ಲಿ ಗಾಳಿ ಸಾಲದೆ ಆಫ್. ಎಂಜಿನ್ ಸತ್ತರೆ ಬ್ರೇಕೂ ಸರಿಯಾಗಿ ಹಿಡಿಯಲ್ಲ."

ಮೇಡಂ ಪೈಪ್ ಬಿಚ್ಚಿಸಿ, ಗೋಣಿಯಲ್ಲಿ ಸುತ್ತಿಸಿ ಸ್ಟೇಷನ್ನಿಗೆ ಒಯ್ದರು. ಸೊಸೆಯನ್ನೂ.

* * *

"ಪೈಪ್ ಹಾಕಿದ್ದು ಯಾವಾಗ ಅಜ್ಜ?" ಸ್ಟೇಷನ್ನಿನಲ್ಲಿ ಮೇಡಂ ಕೇಳಿದರು.

"ನಿನ್ನೆ ಸಂಜೆ ತಾಯಿ, ನಮ್ಮ ಶೆಡ್ಡಲ್ಲಿ. 'ಮಾವ, ನಮ್ಮ ಗಾಡಿಗೂ ಮೂಗು ಬಂತು, ಇನ್ನು ಸೀನಲ್ಲ' ಅಂತ ನಕ್ಕಳು. ಆಗಿಂದ ನಮಗದು ಮೂಗೇ."

"ಜೊತೆಗೆ ಬೇರೆ ಯಾರಿದ್ದರು?"

"ನಾವಿಬ್ಬರೇ."

"ಈ ಮಾತು ನಮ್ಮಿಬ್ಬರಲ್ಲೇ ಇರಲಿ."

ನನ್ನ ಅನುಮಾನ ಮೊದಲು ಗಣಿಗೆ ನೀರು ತರುತ್ತಿದ್ದ ಟ್ಯಾಂಕರಿನವನ ಮೇಲೆ; ಅದನ್ನೂ ಮೇಡಂಗೆ ಹೇಳಿದೆ. ಗಣಿಯ ನೀರಿನ ಕೆಲಸ ಅವಳ ಪಾಲಾದ ದಿನವೇ ಬೀದಿಯಲ್ಲಿ ಕೂಗಾಡಿದ್ದ. "ಹೆಂಗಸಿನ ಕೈಲಿ ಸ್ಟೇರಿಂಗ್ ಎಷ್ಟು ದಿನ, ನಾನೂ ನೋಡ್ತೀನಿ!"

* * *

ಮಂಗಳವಾರ ಮೇಡಂ ಟ್ಯಾಂಕರಿನವನನ್ನು ಸ್ಟೇಷನ್ನಿಗೆ ಕರೆಸಿದರು. ನಾನೂ ಅಲ್ಲೇ ಕೂತಿದ್ದೆ.

"ಪಿಕಪ್ಪಿನ ಮೂಗಿಗೆ ಏನಾಗಿತ್ತು?"

"ಮೂಗಿಗೇನಾಗುತ್ತೆ ಮೇಡಂ? ಬಂಪರ್ ನೆಟ್ಟಗಿದೆ. ಗುದ್ದಿದ್ದು ಹಿಂದೆ ತಾನೆ?"

"ನೀವು ಹೋಗಿ."

ಮೇಡಂ ನನ್ನ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿದ್ದವನು ನನ್ನ ಅಳಿಯ, ಮಗಳ ಗಂಡ. ವಾರದಿಂದ ಊರಲ್ಲಿರಲಿಲ್ಲ, ಸುದ್ದಿ ಕೇಳಿ ಈಗಷ್ಟೇ ಓಡಿ ಬಂದೆ ಅಂದಿದ್ದ.

"ನೀವು ಹೇಳಿ. ಮೂಗಿಗೆ ಏನಾಗಿತ್ತು?"

"ಮೇಲ್ತುದಿಗೆ ಜಾಲರಿ ಇದೆಯಲ್ಲ ಮೇಡಂ, ಒಳಗೇನು ಹೋಗುತ್ತೆ?"

ಥಟ್ಟನೆ ಬಂದ ಮಾತು.

"ಊರಲ್ಲೇ ಇರಲಿಲ್ಲ ಅಂದಿರಿ. ಪೈಪ್ ಹಾಕಿದ್ದು ಭಾನುವಾರ ಸಂಜೆ. ಸೋಮವಾರದಿಂದ ನನ್ನ ಬೀರುವಿನಲ್ಲಿದೆ. ಜಾಲರಿ ಎಲ್ಲಿ ನೋಡಿದಿರಿ? ಗಾಡಿ ಮೂಗು ಅಂದರೆ ಲೋಕಕ್ಕೆಲ್ಲ ಬಂಪರ್. ಈ ಮಾವ-ಸೊಸೆಗೆ ಮಾತ್ರ ಪೈಪು. ಶೆಡ್ಡಿನ ಹಿಂದೆ ನಿಂತು ಕೇಳಿಸಿಕೊಂಡವನಿಗೂ."

ಅಳಿಯ ನನ್ನ ಕಾಲ ಬಳಿ ಕುಸಿದ.

"ಗಾಡಿ ಪದೇ ಪದೇ ಕೆಟ್ಟರೆ ಬೇಸತ್ತು ಗಾಡೀನೂ ಗಣಿ ಕೆಲಸಾನೂ ನನಗೆ ಬಿಡ್ತಾಳೆ ಅಂದ್ಕೊಂಡೆ ಮಾವ. ಹಿಂದೆ ಮನುಷ್ಯ ಇರ್ತಾನೆ ಅಂತ ಯೋಚಿಸಲಿಲ್ಲ."

ಬೆಂಚಿನ ಮೇಲಿಂದ ಸೊಸೆ ಮೆಲ್ಲಗೆ ಅಂದಳು: "ಕೇಳಿದ್ದರೆ ನಾನೇ ಕೊಡ್ತಿದ್ದೆನಲ್ಲ ಅಣ್ಣ, ವಾರದಲ್ಲಿ ಅರ್ಧ ನೀವು ಓಡಿಸಿ ಅಂತ."

* * *

ಸೊಸೆಯನ್ನು ಅವತ್ತೇ ಬಿಟ್ಟರು. ಶುಕ್ರವಾರ ಅಳಿಯನನ್ನು ಜೈಲಿಗೆ ಕಳಿಸಿದರು.

ಮಗಳು ತನ್ನ ಮನೆಗೆ ಬೀಗ ಹಾಕಿ, ಮಗುವನ್ನು ಎತ್ತಿಕೊಂಡಳು. ಬಸ್ಸಿನವರೆಗೂ ಹಿಂದೆಯೇ ನಡೆದೆ.

"ಪೊಲೀಸರಿಗೆ ಆ ಮೂಗಿನ ಮಾತು ಹೇಳಿದ್ದು ನೀನೇ ತಾನೆ ಅಪ್ಪ?"

ಹೌದು ಅಂದೆ.

ಅವಳು ಹೋದದ್ದು ಶನಿವಾರ.