ಮಗ್ಗದ ಗುಂಡಿಗೆ ಬಿದ್ದ ಹನಿ

ಆ ದಿನ ನಾನು ಒಂದು ತೊಟ್ಟೂ ಕುಡಿದಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪಾನನಿಷೇಧದ ಕಾಲ. ಸೋಮನೂರಿನ ಸುತ್ತ ಕದ್ದು ಸಾರಾಯಿ ಮಾರುವ ಮನೆಗಳನ್ನು ತೋರಿಸುತ್ತೇನೆಂದು ಸೆಲ್ಲಪ್ಪನ್ ಎಂಬವನು ನಾನೂ ಸೇರಿ ಮೂವರು ನೇಕಾರರನ್ನು ಮಧ್ಯಾಹ್ನ ಕರೆದುಕೊಂಡು ಹೊರಟ. ಪೊಲೀಸರ ಭಯಕ್ಕೆ ಎರಡು ಮನೆಯವರು ಬಾಗಿಲೇ ತೆಗೆಯಲಿಲ್ಲ. ಮೂರನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ನೂಲಿಲ್ಲದ ಹಳೆಯ ಮಗ್ಗದ ಕೆಳಗೆ, ಹಲಗೆ ತುಳಿಯಲೆಂದು ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಲು ನನಗೆ ಹೇಳಿ, ಸಾರಾಯಿಯ ಲೋಟ ಕೊಟ್ಟಳು. ಹೊರಗೆ ಸುಡುಬಿಸಿಲು; ಗುಂಡಿಯೊಳಗೆ ಮಾತ್ರ ಮೊಣಕಾಲು ಮರಗಟ್ಟುವಷ್ಟು ಥಂಡಿ.

ವಾಡಿಕೆಯಂತೆ ಲೋಟದಲ್ಲಿ ಬೆರಳದ್ದಿ ಮೊದಲ ಹನಿಯನ್ನು ನೆಲಕ್ಕೆ ಚಿಮುಕಿಸಿದೆ. ಅದು ಗುಂಡಿಗೆ ಬಿತ್ತು.

“ಅಯ್ಯೋ, ಅಲ್ಲಿ ಹಾಕಬೇಡ ತಂಬಿ!” ಮುದುಕಿ ನನ್ನ ಕೈ ಹಿಡಿದಳು. “ಇಲ್ಲೇ ನೇಯ್ತಾ ಸತ್ತ ನನ್ನ ಗಂಡನಿಗೆ ಮತ್ತೆ ರುಚಿ ಹತ್ತುತ್ತೆ.”

ಕೆಳಗೆ ಯಾರೋ ಗುಟುಕ್ಕನೆ ನುಂಗಿದ ಸದ್ದಾಯಿತು. ನನ್ನ ಪಾದದ ಮೇಲೆ ಇನ್ನೊಂದು ಪಾದ, ತಣ್ಣಗೆ, ಭಾರವಾಗಿ ಕೂತಿತು. ಕೈಯ ಲೋಟ ಬಿಸುಟು ಬೀದಿಗೆ ಓಡಿದೆ.

“ಏನಾಯ್ತು ಅಣ್ಣೇ?” ಎಂದು ಸೆಲ್ಲಪ್ಪನ್ ಹಿಂದೆಯೇ ಕೂಗುತ್ತಿದ್ದ. ನಾನು ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಮನೆಯ ಮಗ್ಗದಲ್ಲಿ ಕೂರಲು ಮನಸ್ಸಾಗಲಿಲ್ಲ. ಆದರೆ ನೇಯುವುದೇ ನಮ್ಮ ಹೊಟ್ಟೆಪಾಡು. ಗುಂಡಿಗೆ ಕಾಲು ಇಳಿಸಿದೆ.

ನಾನು ತುಳಿಯುವ ಮೊದಲೇ ಕಾಲಡಿಯ ಹಲಗೆ ತಾನಾಗಿ ಕೆಳಗೆ ಹೋಯಿತು.