ಸಂದಿಗೆ ತೆರೆದ ಕಿಟಕಿ

“ಆ ಕಿಟಕಿ ಒಂದನ್ನ ಮುಟ್ಟಬೇಡ ಬೇಟಾ. ಮಿಕ್ಕಿದ್ದು ನಿನ್ನ ಮನೆ, ಏನಾದ್ರೂ ಮಾಡ್ಕೋ.”

ಎದುರು ಫ್ಲ್ಯಾಟಿನ ಮುದುಕಿ ಶರ್ಫುನ್ನೀಸಾ ಹೊಸ್ತಿಲಾಚೆಯೇ ನಿಂತು ಹೇಳಿದಳು. ಒಳಗೆ, ಇಟ್ಟಿಗೆ ತುಂಬಿ ಮುಚ್ಚಿದ್ದ ಹಾಲಿನ ಕಿಟಕಿಗೆ ಗಾರೆಯವನು ಆಗಲೇ ಉಳಿ ಇಟ್ಟಿದ್ದ. ರೇಣುಕಪ್ರಸಾದ್ ನಕ್ಕ.

“ಅದರೊಳಗೆ ದೆವ್ವ ಐತೇನಮ್ಮಾ? ಇದ್ರೆ ಇರ್ಲಿ ಬಿಡಿ, ಅದರ ಕೈಲೂ ಮೇಂಟೆನೆನ್ಸ್ ಕಟ್ಟಿಸೋಣ.”

“ನಗಬೇಡ. ಮಗು ಇರೋ ಮನೆ. ಮುಂಚೆ ಇದ್ದೋರು ಯಾಕೆ ಮುಚ್ಚಿಸಿದ್ರು ಅಂತ ಕೇಳಾದ್ರೂ ಕೇಳು.”

ಅವನು ಕೇಳಲಿಲ್ಲ. “ಹೊಡಿಯಪ್ಪಾ ನೀನು” ಎಂದು ಗಾರೆಯವನಿಗೆ ಹೇಳಿದ. ಮೊದಲ ಏಟು ಬಿದ್ದಾಗ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತನ್ನ ಬಾಗಿಲು ಹಾಕಿಕೊಂಡಳು.

ಅವನು ತುಮಕೂರಿನ ಕಡೆಯವನು. ಯಾರಿಗೂ ಬೇಡವಾದ ಹಳೆಯ ಫ್ಲ್ಯಾಟು ಕೊಳ್ಳುವುದು, ರಿಪೇರಿ ಮಾಡಿಸುವುದು, ಗಿರಾಕಿ ಸಿಗುವ ತನಕ ಹೆಂಡತಿ ಮಗಳೊಡನೆ ಅಲ್ಲೇ ಸಂಸಾರ ಹೂಡಿ, ಮಾರಿ ಮುಂದಿನ ಊರಿಗೆ ಹೋಗುವುದು, ಇದೇ ಅವನ ಕಸುಬು. ದೀಪ ಉರಿಯುವ ಮನೆ ಬೇಗ ಮಾರಾಟವಾಗುತ್ತದೆ ಎನ್ನುತ್ತಿದ್ದ. ಶಿರಾದ ಹಳೇ ಪೇಟೆಯಲ್ಲಿ, ನೆಲ ಅಂತಸ್ತಿನ ಈ ಫ್ಲ್ಯಾಟನ್ನು ಕೇಳುವವರೇ ಇರಲಿಲ್ಲ. ಬಂದವರು ಹಾಲಿನಲ್ಲಿ ಒಂದು ಗಳಿಗೆ ನಿಂತು, ಹಗಲಲ್ಲೂ ಲೈಟು ಹಾಕಬೇಕಲ್ಲ ಎಂದು ಹೊರಟುಬಿಡುತ್ತಿದ್ದರು. ಕಿಟಕಿ ತೆರೆದರೆ ಬೆಳಕು, ಬೆಳಕು ಬಂದರೆ ಗಿರಾಕಿ. ಅವನಿಗೆ ಕಂಡದ್ದು ಅಷ್ಟೇ.

ಕೊನೆಯ ಇಟ್ಟಿಗೆ ಕಳಚಿದಾಗ ಒದ್ದೆ ಬೂದಿಯ ವಾಸನೆ ಗಪ್ಪನೆ ಒಳಗೆ ನುಗ್ಗಿತು. ಕಂಬಿಯಾಚೆ ಒಂದು ತೋಳುದ್ದ ಅಗಲದ ಸಂದಿ. ಸಂದಿಯಾಚೆ ಹಳೆಯ ಕಲ್ಲುಚಪ್ಪಡಿ ಮಾಳಿಗೆಯ ಮನೆ. ಕಿಟಕಿಗೆ ಸರಿಯಾಗಿ ಎದುರಿಗೆ ಆ ಮನೆಯ ಅಡಿಗೆಮನೆಯ ಕಿಂಡಿ. ಮಸಿ ಹಿಡಿದು ಕಪ್ಪಾಗಿತ್ತು. ಮೇಲಿಂದ ಇಳಿದ ಒಂದಿಷ್ಟು ಬಿಸಿಲು ಹಾಲಿನ ನೆಲದ ಮೇಲೆ ಬಿತ್ತು. ಅವನು ಫೋಟೋ ತೆಗೆದು ಬ್ರೋಕರಿಗೆ ಕಳಿಸಿದ.

ಮರುದಿನ ಹೆಂಡತಿ ಯಶೋದ ತವರಿಗೆಂದು ದೊಡ್ಡೇರಿಗೆ ಹೋಗಿದ್ದಳು. ಸಂಜೆ ಮಗಳು ಭವ್ಯ, ಎರಡನೇ ಕ್ಲಾಸಿನ ಹುಡುಗಿ, ಅಮ್ಮ ಹೇಳಿಕೊಟ್ಟ ಹಾಗೆ ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಪೇಟೆಯ ಸದ್ದೆಲ್ಲ ಒಮ್ಮೆಗೇ ಅಡಗಿದಂತಾಯಿತು. ರೇಣುಕಪ್ರಸಾದ್ ದೇವರ ದೀಪಕ್ಕೆ ಮೇಣದ ಬತ್ತಿ ಹಿಡಿದು ಹಚ್ಚಿಕೊಂಡ.

“ಯಾರವ್ವಾ ಮನ್ಯಾಗೆ?”

ದನಿ ಕಿಟಕಿಯ ಕಡೆಯಿಂದ ಬಂತು. ಒಣಗಿದ, ಮುದಿ ದನಿ.

“ಒಲೆಯಾಗೆ ಕೆಂಡ ಆರೋಗೈತೆ ಕಣಪ್ಪ. ಒಸಿ ಬೆಂಕಿ ಕೊಡಿ. ದೀಪ ಹಚ್ಕೋಬೇಕು.”

ಕಿಂಡಿಯಿಂದ ಒಂದು ಕೈ ಹೊರಬಂದಿತ್ತು. ಗಾಜಿನ ಬಳೆ. ಮುದುರಿದ ಚರ್ಮ. ಹಾಗಾದರೆ ಆ ಮನೆಯಲ್ಲಿ ಜನ ಇದ್ದಾರೆ! ಒಡತಿಯೊಡನೆ ಒಳ್ಳೆಯವನಾದರೆ ನಾಳೆ ಆ ಹಾಳು ಮನೆಯನ್ನೂ ಕೊಂಡು ಕೆಡವಬಹುದು, ಹಾಲಿಗೆ ಪೂರ್ತಿ ಬಿಸಿಲು ಬರುತ್ತದೆ. ಅವನ ಬುದ್ಧಿ ಓಡಿದ್ದು ಹಾಗೆ.

“ಕೊಡ್ತೀವಜ್ಜಿ, ಅದಕ್ಕೇನಂತೆ. ಭವ್ಯಾ, ಈ ಬತ್ತಿ ಅಜ್ಜಿಗೆ ಕೊಟ್ಟು ಬಾ.”

ಹುಡುಗಿ ಹಿಂಜರಿದಳು. “ದೀಪ ಹಚ್ಚಿದ್ಮೇಲೆ ಮನೆ ಬೆಂಕಿ ಆಚೆ ಕೊಡಬಾರ್ದಂತಪ್ಪ. ಅಮ್ಮ ಉಪ್ಪು ಕೂಡ ಕೊಡಲ್ಲ.”

“ನಿಮ್ಮಮ್ಮ ಹಂಗೇ ಹೇಳ್ತಾಳೆ. ಕತ್ತಲಲ್ಲಿ ಕೂತಿರೋ ಮುದುಕಿಗೆ ಬೆಳಕು ಕೊಟ್ರೆ ಪುಣ್ಯ ಬರುತ್ತೆ, ಕೊಡು.”

ಭವ್ಯ ಕಂಬಿಯ ನಡುವೆ ಪುಟ್ಟ ಕೈ ಚಾಚಿದಳು. ಆ ಕೈ ಬತ್ತಿಯನ್ನು ತೆಗೆದುಕೊಂಡಿತು. ಬೆನ್ನ ಹಿಂದೆ ದೇವರ ದೀಪ ಆರಿತು. ಗಾಳಿ ಇರಲಿಲ್ಲ. ಎಣ್ಣೆಯೂ ತುಂಬ ಇತ್ತು.

ಅವನು ಕಡ್ಡಿ ಗೀರಿದ. ಹೊತ್ತಿಕೊಳ್ಳಲಿಲ್ಲ. ಇನ್ನೊಂದು ಗೀರಿದ. ಗಂಧಕದ ವಾಸನೆ ಬಂತು, ಉರಿ ಬರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು. ಟ್ಯೂಬ್‌ಲೈಟು ಮಿಣುಕಿ ಹತ್ತಿ, ಹಾಲು ಬೆಳ್ಳಗಾಯಿತು. ಅವನು ನಿಟ್ಟುಸಿರು ಬಿಟ್ಟ.

ಭವ್ಯ ಹಾಲಿನ ನಡುವೆ ನಿಂತಿದ್ದಳು. ಎರಡು ಕೈಯನ್ನೂ ಮುಂದಕ್ಕೆ ಚಾಚಿಕೊಂಡಿದ್ದಳು.

“ಅಪ್ಪಾ, ಕರೆಂಟು ಯಾವಾಗ ಬರುತ್ತೆ?”

ಅವನು ಓಡಿಬಂದು ಅವಳ ಕಣ್ಣ ಮುಂದೆ ಕೈಯಾಡಿಸಿದ. ರೆಪ್ಪೆ ಅಲುಗಲಿಲ್ಲ. ಕೂಸನ್ನು ಎತ್ತಿಕೊಂಡು ಎದುರು ಮನೆಯ ಬಾಗಿಲು ಬಡಿದ.

ಶರ್ಫುನ್ನೀಸಾ ಮಗುವನ್ನು ನೋಡಿದವಳೇ ಕುಸಿದು ಕೂತಳು. “ಯಾ ಅಲ್ಲಾ. ಕೊಟ್ಬುಟ್ಯಾ?”

“ಯಾರಮ್ಮಾ ಅವಳು?”

“ಚಿಕ್ಕಹನುಮಕ್ಕ. ಈ ಬಿಲ್ಡಿಂಗ್ ಗೋಡೆ ಎದ್ದಾಗ ಅವಳ ಅಡಿಗೆಮನೇಗೆ ಬೆಳಕೇ ನಿಂತೋಯ್ತು. ಒಸಿ ಬಿಟ್ಟು ಕಟ್ಟಿ ಅಂತ ಕೈ ಮುಗಿದ್ಲು. ಕಟ್ಟೋನು ನಿನ್ನಂಗೇ ನಕ್ಕ. ಪಾವಗಡದ ಕಡೆಯಿಂದ ಮಂತ್ರಗಾರನ್ನ ಕರೆಸಿ ಸಂದೀಲಿ ಮಾಟ ಹೂಳಿಸಿದ್ಲು. ಆಮೇಲೆ ಅದೇ ಕತ್ತಲಲ್ಲಿ ಬಿದ್ದು ಸತ್ಲು. ಸತ್ರೂ ಬೆಂಕಿ ಕೇಳ್ತಾಳೆ. ಯಾರು ಕೊಡ್ತಾರೋ ಅವರ ಬೆಳಕು ಅವಳಿಗೆ. ನಿನ್ನ ಫ್ಲ್ಯಾಟ್ನಲ್ಲಿ ಮುಂಚೆ ಇದ್ದೋಳು ಕೊಟ್ಲು, ಎರಡು ಕಣ್ಣೂ ಹೋಯ್ತು.”

“ವಾಪಸ್ ಈಸ್ಕೊಳ್ಳೋಕೆ ಆಗಲ್ವಾ?”

ಮುದುಕಿ ಮಗುವಿನ ತಲೆ ಸವರಿದಳು. “ಬತ್ತಿ ಕರಗೋದ್ರೊಳಗೆ ಅವಳ ಮನೆಗೇ ಹೋಗಿ ಕೇಳ್ಬೇಕಂತೆ. ಹೋದೋರನ್ನ ನಾನು ಕಂಡಿಲ್ಲ.”

ಮಗುವನ್ನು ಅವಳ ಮಡಿಲಲ್ಲಿ ಕೂರಿಸಿ ಅವನು ಓಡಿದ.

ಹಳೆಯ ಮನೆಯ ಬಾಗಿಲಿಗೆ ಬೀಗವಿತ್ತು, ಚೌಕಟ್ಟು ಗೆದ್ದಲು ತಿಂದಿತ್ತು. ತಳ್ಳಿದೊಡನೆ ಕಳಚಿಕೊಂಡಿತು. ಒಳಗೆ ಬಾವಲಿ ಹಿಕ್ಕೆಯ ನಾತ, ಕಮಟು ಹರಳೆಣ್ಣೆಯ ನಾತ. ಫೋನಿನ ಬೆಳಕು ಹೊಸ್ತಿಲಲ್ಲೇ ನಂದಿತು. ಗೋಡೆ ತಡಕಿಕೊಂಡು ನಡೆದ. ಗೋಡೆ ಬೆವೆತಿತ್ತು. ಬಾಯಿಗೆ ಬಂದ ದೇವರ ಹೆಸರೆಲ್ಲ ಹೇಳಿದ. ಎಷ್ಟೋ ವರ್ಷವಾಗಿತ್ತು ಅವನು ಅವನ್ನು ಹೇಳಿ.

ಎಲ್ಲೋ ಊದುಗೊಳವೆಯ ಸದ್ದು. ಫೂ... ಫೂ...

ಅಡಿಗೆಮನೆ. ತಣ್ಣಗಿನ ಒಲೆಯ ಮೇಲೆ ಅವನದೇ ಮೇಣದ ಬತ್ತಿ, ಬೆರಳುದ್ದ ಉಳಿದಿತ್ತು. ಅದರ ಮುಂದೆ ಬೆನ್ನು ಮಾಡಿ ಕೂತವಳು ತಿರುಗದೆಯೇ ಕೇಳಿದಳು.

“ಕೊಟ್ಟಿದ್ದನ್ನ ಬರಿಗೈಲಿ ಈಸ್ಕೊಂಡೋಗಕ್ಕೆ ಬಂದ್ಯೇನ್ಲಾ?”

“ಕೂಸಿಂದು ಬುಟ್ಬುಡವ್ವ. ಕೊಡಿಸಿದ್ದು ನಾನು.” ಅವನಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. “ನಂದು ತಗೋ.”

ಊದುವ ಸದ್ದು ನಿಂತಿತು. ಬಳೆ ಸದ್ದಾಯಿತು. ಅವಳು ತಿರುಗಿದಳು. ಅವಳ ಮುಖದಲ್ಲಿ ಕಣ್ಣಿರಬೇಕಾದ ಕಡೆ ಬೂದಿ ಇತ್ತು. ತಣ್ಣನೆಯ ಎರಡು ಹೆಬ್ಬೆರಳು ಅವನ ರೆಪ್ಪೆಯ ಮೇಲೆ ಕೂತವು. ಒತ್ತಿದವು. ಅವನು ಕೂಗಿದ. ಉರಿಯುವ ಬತ್ತಿಯನ್ನು ಯಾರೋ ಅವನ ಕೈಗಿಟ್ಟರು. ಬಿಸಿ ತಾಗಿತು. ಉರಿ ಕಾಣಲಿಲ್ಲ.

ಬೀದಿಯಲ್ಲಿ ಮುಗ್ಗರಿಸುತ್ತ, ಗೋಡೆಗೆ ತಾಕುತ್ತ, ಬತ್ತಿ ಆರದಂತೆ ಅಂಗೈ ಅಡ್ಡ ಹಿಡಿದು ಬಂದ. “ಅಪ್ಪಾ, ನಿನ್ನ ಕೈ ಸುಡ್ತಾ ಐತೆ!” ಎಂದು ಭವ್ಯ ಚೀರಿದಳು. ಅವಳಿಗೆ ಕಾಣುತ್ತಿತ್ತು. ಅವನು ಅಲ್ಲೇ ಮಂಡಿಯೂರಿ ಅತ್ತ.

ಅವನ ಕಣ್ಣಿನಲ್ಲಿ ಯಾವ ದೋಷವೂ ಇಲ್ಲ ಎಂದರು ಡಾಕ್ಟರು. ಸಂಸಾರ ದೊಡ್ಡೇರಿಗೆ ಹೋಯಿತು. ಫ್ಲ್ಯಾಟಿನ ಬೀಗದಕೈ ಬ್ರೋಕರಿಗೆ ಸೇರಿತು. ಕಿಟಕಿ ಮುಚ್ಚಿಸಿಬಿಡಿ ಎಂದು ಯಶೋದ ಅತ್ತು ಕೇಳಿದ್ದಳು. ಮೊದಲು ಮಾರಾಟವಾಗಲಿ, ಮುಚ್ಚಿದರೆ ಯಾರು ಕೊಳ್ಳುತ್ತಾರೆ ಎಂದಿದ್ದ ರೇಣುಕಪ್ರಸಾದ್.

ಒಂದು ಶುಕ್ರವಾರ ಅವಳು ಗಂಡನ ಕೈ ಹಿಡಿದು ಗೊರವನಹಳ್ಳಿಯ ದೇವಿ ಗುಡಿಗೆ ಕರೆತಂದಳು. ಸಂಜೆಯ ಮಂಗಳಾರತಿ. ಗಂಟೆ, ಕರ್ಪೂರದ ಕಂಪು, ಜನರ ಬೆವರು.

“ಅಪ್ಪಾ, ಎಷ್ಟೊಂದು ದೀಪ! ಅಮ್ಮನೋರ ಮೂಗುಬೊಟ್ಟು ಹೊಳೀತೈತೆ,” ಎಂದಳು ಭವ್ಯ.

ಆರತಿ ತಟ್ಟೆಯ ಬಿಸಿ ತಾಗಿತು. ಅವನು ಎರಡು ಅಂಗೈಯನ್ನೂ ಕಣ್ಣಿಗೊತ್ತಿಕೊಂಡ.

ಕುರುಡರ ಪಾಲಿಗೆ ಕತ್ತಲೆಯಾದರೂ ಇರುತ್ತದೆ. ಅವನಿಗೆ ಅದೂ ಇರಲಿಲ್ಲ. ಅವನ ಎರಡು ಕಣ್ಣೂ ಈಗ ಚಿಕ್ಕಹನುಮಕ್ಕನ ಮುಖದಲ್ಲಿದ್ದವು, ಅವಳು ನೋಡಿದ್ದನ್ನು ಅವನು ನೋಡಬೇಕು. ತಣ್ಣಗಿನ ಒಲೆ. ಮಸಿ ಗೋಡೆ. ಕಿಂಡಿ. ಕಿಂಡಿಯಾಚೆ ಅವನ ಫ್ಲ್ಯಾಟಿನ ಹಾಲು. ಕರೆಂಟು ಹೋಗಿರಬೇಕು. ಮನೆ ನೋಡಲು ಬಂದ ಗಂಡಹೆಂಡಿರು ಬ್ರೋಕರನ ಜೊತೆ ನಿಂತಿದ್ದರು. ತುಂಬಿದ ಬಸುರಿ ಆ ಹೆಂಗಸು. ಕೈಯಲ್ಲಿ ಉರಿಯುವ ಮೇಣದ ಬತ್ತಿ. ಯಾರೋ ಕರೆದಂತೆ ಅವಳು ಕಿಟಕಿಯ ಕಡೆ ತಿರುಗಿದಳು.

“ಕೊಡಬ್ಯಾಡ್ರವ್ವಾ!” ದೇವಿಯ ಮುಂದೆ ನಿಂತು ಅವನು ಕಿರುಚಿದ. “ಕೊಡಬ್ಯಾಡಿ!”

ಗಂಟೆ ನಿಂತಿತು. ಜನ ಅವನತ್ತ ತಿರುಗಿದರು. ಅಲ್ಲಿ ಆ ಬಸುರಿ, ಪಾಪ, ನಗುತ್ತಲೇ ಕಂಬಿಯ ನಡುವೆ ಕೈ ಚಾಚಿದಳು.